ಸಾಹುಕಾರ ಬೆಟ್ಟ ಹತ್ತಿದರೆ ನಿಮಗೇನ್ರಿ ಕಷ್ಟ?

ನಮಸ್ಕಾರ. ಹಿಂದಿನ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: ‘ವಿಲಿಯಂ ಹ್ಯಾಮಿಲ್ಟನ್ ವಿಜ್ಞಾನಿ ಅಲ್ಲ ಸಾರ್, ಟೈಮ್‌ಪಾಸ್‌ಗೆ ಜ್ವಾಲಾಮುಖಿ ನೋಡಿದ ಸಾಹುಕಾರ.’ ಅದಕ್ಕೆ ರಾಶಿ ಲೈಕು ಬೇರೆ!

ಸಾಹುಕಾರ, ಹೌದು. 1764ರಲ್ಲಿ ಬ್ರಿಟನ್ ರಾಯಭಾರಿಯಾಗಿ ಇಟಲಿಯ ನೇಪಲ್ಸ್‌ಗೆ ಬಂದ. ಹಳೇ ಹೂದಾನಿ ಕೂಡಿಹಾಕುವ ಹುಚ್ಚು ಬೇರೆ ಇತ್ತು. ಆದರೆ ಹೋಗಿ ನೋಡಿದ ಸ್ವಾಮಿ. ನನ್ನ ಮಾತು ಅಷ್ಟೇ.

1767ರಲ್ಲಿ ನೇಪಲ್ಸ್ ಪಕ್ಕದ ಜ್ವಾಲಾಮುಖಿ ವೆಸೂವಿಯಸ್‌ನ ಬಾಯೊಳಗೆ ಒಂದು ಪುಟ್ಟ ಗುಡ್ಡ ಎದ್ದಿತು. ಈತ ಬೆಟ್ಟದ ಬುಡದ ಬಂಗಲೆಯಿಂದ ಅದರ ಚಿತ್ರ ಬರೆಯುತ್ತಾ ಹೋದ. ಜುಲೈನಿಂದ ಅಕ್ಟೋಬರ್‌ವರೆಗೆ. ಆ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಗುಡ್ಡ ಕುಳಿಯ ಅಂಚು ದಾಟಿ ಮೇಲಕ್ಕೆ ಬರುತ್ತದೆ. ಕಲ್ಲು, ಬೂದಿ ಬಿದ್ದೂ ಬಿದ್ದೂ ಬೆಳೆದದ್ದು. ಅಂದರೆ ಇದ್ದ ಬೆಟ್ಟಕ್ಕೆ ಬೆಂಕಿ ಹತ್ತಿದ್ದಲ್ಲ, ಬೆಂಕಿಯೇ ಬೆಟ್ಟ ಕಟ್ಟಿದ್ದು! ಆಗ ಎಷ್ಟೋ ಪಂಡಿತರು ನೆಲದೊಳಗೆ ಗಂಧಕ, ಕಲ್ಲಿದ್ದಲು ಉರಿಯುತ್ತದೆ ಅಂತ ಕೂತಲ್ಲೇ ತೀರ್ಪು ಕೊಡುತ್ತಿದ್ದರು. ಇವನು ಹೋಗಿ ನೋಡಿದ.

ಅದೇ ಅಕ್ಟೋಬರ್‌ನಲ್ಲಿ ಇವನು ಮೇಲಿದ್ದಾಗಲೇ ಬೆಟ್ಟದ ಮೈ ಬಿರಿಯಿತು. ಗೈಡ್ ಓಡಿದ, ಹಿಂದೆಯೇ ರಾಯಭಾರಿ ಸಾಹೇಬರು. ಸುಮಾರು ಮೂರು ಮೈಲಿ, ನಿಲ್ಲದೆ! ಇದು ಟೈಮ್‌ಪಾಸಾ? (ಇಲ್ಲಿ ಒಂದು ಲೈಕ್ ಒತ್ತಿಬಿಡಿ.)

‘ದಾರಿ ತೋರಿಸಿದವನು ಒಕ್ಕಣ್ಣಿನ ಗೈಡ್ ಬಾರ್ತೊಲೊಮಿಯೋ, 1779ರಿಂದ ದಿನಚರಿ ಬರೆದವರು ಪಾದ್ರಿ ಪಿಯಾಜೋ, ಇವನು ಸುಮ್ನೆ ದುಡ್ಡು ಕೊಟ್ಟ’ ಅಂತೀರಾ? ಸರಿ. ಯಾವುದಕ್ಕೆ ಕೊಟ್ಟ? ನೋಡೋದಕ್ಕೆ! ಆ ಪಾದ್ರಿ 1794ರವರೆಗೆ ಬೆಟ್ಟ ನೋಡಿ ಬರೆದರು. ಹೊಗೆ ಬಂದರೂ ಬರೆದರು, ಬರದಿದ್ದರೂ ಬರೆದರು. ನಮ್ಮ ಸಾಹುಕಾರರು ದುಡ್ಡು ಎಲ್ಲಿ ಸುರಿಯುತ್ತಾರೆ? ಮದುವೆ ಮಂಟಪದಲ್ಲಿ. ಅದಕ್ಕೆ ಯಾರೂ ಕಾಮೆಂಟ್ ಹಾಕುವುದಿಲ್ಲ, ಅಲ್ವಾ?

ಹಾಂ, ಇವನ ಹೆಂಡತಿ ಎಮ್ಮಾ, ಅವಳ ಪ್ರಿಯಕರ ನೌಕಾ ಸೇನಾನಿ ನೆಲ್ಸನ್, ಇವರ ಕಥೆ ಹೇಳಿ ಅಂತ ಕೇಳಬೇಡಿ. ವ್ಯೂಸ್ ಜಾಸ್ತಿ ಬರುತ್ತದೆ, ಗೊತ್ತು. ಹೇಳುವುದಿಲ್ಲ. ಆಮೇಲೆ ನೋಡೋಣ.

‘ಡಿಗ್ರಿ ಇರಲಿಲ್ಲ’ ಅಂತ ಇನ್ನೊಬ್ಬರು. ಅಯ್ಯೋ, ಜ್ವಾಲಾಮುಖಿಗೆ ಡಿಗ್ರಿ ಕೊಡುವ ಕಾಲೇಜು ಆಗ ಎಲ್ಲಿತ್ತು? ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಯೇ 1770ರಲ್ಲಿ ತನ್ನ ದೊಡ್ಡ ಗೌರವವಾದ ಕಾಪ್ಲೆ ಪದಕ ಕೊಟ್ಟಿದೆ. ನೀವು ಕಾಮೆಂಟ್‌ನಲ್ಲಿ ಕಿತ್ತುಕೊಳ್ಳುತ್ತೀರಾ? ಕಿತ್ತುಕೊಳ್ಳಿ! ಅವನು ಹೋದ. ನೋಡಿದ. ಹೋಗಿ ನೋಡಿದ ರೀ! ಎಷ್ಟು ಸಲ ಹೇಳಲಿ?

ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಮುಂದಿನ ವಾರ ಸಿಸಿಲಿಯ ಜ್ವಾಲಾಮುಖಿ ಎಟ್ನಾ. 1769ರಲ್ಲಿ ಅಲ್ಲಿಗೂ ಇವನೇ ಹೋಗಿದ್ದ, ಜಗಳಕ್ಕೆ ಈಗಲೇ ರೆಡಿಯಾಗಿ.