ಜೋಡಿ ಕುಣಿತಕ್ಕೆ ದೇಶಗಳ ಅಂಕ

ಶ್ರೋತೃಗಳಿಗೆ ನಮಸ್ಕಾರ.

2007ರ ಸೆಪ್ಟೆಂಬರ್ 1ರ ರಾತ್ರಿ ಲಂಡನ್ನಿನ ಬಿಬಿಸಿ ಸ್ಟುಡಿಯೋದಲ್ಲಿ ಯೂರೋಪಿನ 16 ದೇಶಗಳು ತಲಾ ಒಂದು ನೃತ್ಯಜೋಡಿಯನ್ನು ಕಣಕ್ಕಿಳಿಸಿದವು. 1956ರಿಂದ ನಡೆದುಬಂದ, ಯೂರೋಪಿನ ದೇಶಗಳು ಟಿವಿಯಲ್ಲಿ ಸೆಣಸುವ ಯೂರೋವಿಷನ್ ಹಾಡಿನ ಸ್ಪರ್ಧೆಯ ಅಚ್ಚಿನಲ್ಲಿಯೇ ರೂಪುಗೊಂಡಿದ್ದ ಈ ಯೂರೋವಿಷನ್ ನೃತ್ಯಸ್ಪರ್ಧೆ ಎರಡೇ ಎರಡು ವರ್ಷ ನಡೆದು ನಿಂತುಹೋಯಿತು. ಕುಣಿತಕ್ಕೆ ಅಂಕ ಕೊಡುವ ಪೀಕಲಾಟವನ್ನು ಕೋಲಾರ ಜಿಲ್ಲೆಯ ಒಂದು ಚಪ್ಪರದ ಕೆಳಗೆ ನಾನೂ ಒಮ್ಮೆ ಅನುಭವಿಸಿದ್ದರಿಂದ, ಆ ಸ್ಪರ್ಧೆಯ ಕಥೆ ನನಗೆ ಅಷ್ಟೊಂದು ಪರದೇಶದ್ದು ಎನಿಸುವುದಿಲ್ಲ.

ಅಲ್ಲಿ ಕುಣಿದ ಬಾಲ್‌ರೂಂ ನೃತ್ಯವೂ, ಅಂದರೆ ಗಂಡುಹೆಣ್ಣು ಜೋಡಿಯಾಗಿ ಕುಣಿಯುವ ಪಾಶ್ಚಾತ್ಯ ನೃತ್ಯವೂ, ನಮ್ಮ ಜಿಲ್ಲೆಗೆ ತೀರ ಅಪರಿಚಿತವಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನದ ಗಣಿಗೆ ಕೈಹಾಕಿದ ಮೇಲೆ ಕೆಜಿಎಫ್‌ನಲ್ಲಿ ಬಂಗಲೆಗಳು ಎದ್ದವು, ಕ್ಲಬ್ಬುಗಳು ಬಂದವು, ಕ್ಲಬ್ಬುಗಳ ಜೊತೆ ದೊರೆಗಳ ಕುಣಿತವೂ ಬಂತು. ಗಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಸೋದರಮಾವ ಚಿಕ್ಕವರಿದ್ದಾಗ ಕ್ರಿಸ್‌ಮಸ್ ರಾತ್ರಿ ಕ್ಲಬ್ಬಿನ ಕಿಟಕಿಯಾಚೆ ನಿಂತು ಅದನ್ನು ನೋಡಿದ್ದರಂತೆ. ಕೇರಂ ಬೋರ್ಡಿಗೆ ಹಾಕುವ ಹಾಗೆ ಹಲಗೆಯ ನೆಲಕ್ಕೆ ಪೌಡರ್ ಉದುರಿಸುತ್ತಿದ್ದುದನ್ನೂ, ಜೋಡಿಗಳೆಲ್ಲ ಒಂದನ್ನೊಂದು ತಾಕದೆ ಅಂಗಳವನ್ನು ಅಪ್ರದಕ್ಷಿಣವಾಗಿ ಸುತ್ತುತ್ತಿದ್ದುದನ್ನೂ ಅವರು ಬಣ್ಣಿಸುತ್ತಿದ್ದರು. "ದೇವಸ್ಥಾನಕ್ಕೆ ಉಲ್ಟಾ ಸುತ್ತಿದ ಹಾಗೆ ಕಣೋ" ಎಂದು ನಗುತ್ತಿದ್ದರು. ಆಮೇಲೆ ಓದಿ ತಿಳಿದುಕೊಂಡಾಗ ಅವರು ಕಂಡದ್ದು ಸರಿಯೆಂದೇ ಗೊತ್ತಾಯಿತು. ಹಾಗೆ ಎಡಕ್ಕೆ ಸುತ್ತುವುದು ಈ ನೃತ್ಯದಲ್ಲಿ ರಸ್ತೆಯ ನಿಯಮವಿದ್ದಂತೆ.

ವಾಲ್ಟ್ಸ್ ಎಂಬುದು ಮೂರು ಎಣಿಕೆಯ ನಡೆ. ನಮ್ಮ ಸಂಗೀತ ಬಲ್ಲವರು ಅದನ್ನು 'ತಕಿಟ, ತಕಿಟ' ಎಂದು ಹೇಳಿಕೊಂಡರೆ ಸಾಕು. ಮೊದಲನೆಯ ಎಣಿಕೆಗೆ ಹೆಜ್ಜೆ ಭಾರವಾಗಿ ಬೀಳುತ್ತದೆ, ಎರಡು ಮೂರಕ್ಕೆ ದೇಹ ಮೇಲೇಳುತ್ತದೆ, ಮೂರು ಮುಗಿಯುವಾಗ ಮತ್ತೆ ಇಳಿಯುತ್ತದೆ. ಗಂಡಸಿನ ಬಲಗೈ ಹೆಂಗಸಿನ ಎಡ ಹೆಗಲ ಮೂಳೆಯ ಮೇಲೆ ನಿಂತಿರುತ್ತದೆ. ಆ ಅಂಗೈ ಕೊಡುವ ಸೂಚನೆಯಿಂದಲೇ ಆಕೆಗೆ ಮುಂದಿನ ತಿರುವು ತಿಳಿಯಬೇಕು. ವಾಲ್ಟ್ಸ್, ಟ್ಯಾಂಗೊ, ವಿಯೆನ್ನೀಸ್ ವಾಲ್ಟ್ಸ್, ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್ ಎಂಬ ಐದು ಒಂದು ಗುಂಪು. ಸಾಂಬಾ, ಚಾಚಾಚಾ, ರುಂಬಾ, ಪಾಸೊ ಡೋಬ್ಲೆ, ಜೈವ್ ಎಂಬ ಐದು ಲ್ಯಾಟಿನ್ ಗುಂಪು. ಯಾವ ಹೆಜ್ಜೆಗೆ ಹಿಮ್ಮಡಿ ಮೊದಲು ಊರಬೇಕು, ಯಾವುದಕ್ಕೆ ಬೆರಳು ಮೊದಲು ಊರಬೇಕು ಎಂಬಷ್ಟರ ಮಟ್ಟಿಗೆ ಮೊದಲ ಗುಂಪಿಗೆ ಶಾಸ್ತ್ರ ಕಟ್ಟಿದ ಕೆಲಸ ಬಹುಪಾಲು 1920ರ ದಶಕದ ಇಂಗ್ಲೆಂಡಿನಲ್ಲಿ ನಡೆಯಿತು. ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಊರಿನಲ್ಲಿ 1920ರಲ್ಲಿ ಶುರುವಾದ ನೃತ್ಯೋತ್ಸವ ಈ ವಿದ್ಯೆಯವರ ಪಾಲಿಗೆ ಇಂದಿಗೂ ದೊಡ್ಡ ಜಾತ್ರೆ.

ಅಲ್ಲಿಯ ಬೆಲೆ ಕಟ್ಟುವ ಬಗೆಯೂ ಶಾಸ್ತ್ರಕ್ಕೆ ತಕ್ಕಂತೆಯೇ ಇದೆ. ಅಂತಿಮ ಸುತ್ತಿನಲ್ಲಿ ತೀರ್ಪುಗಾರರು ಅಂಗಳದ ಅಂಚಿನಲ್ಲಿ ನಿಂತು, ಒಟ್ಟಿಗೆ ಕುಣಿಯುವ ಐದಾರು ಜೋಡಿಗಳನ್ನು ಎರಡು ನಿಮಿಷದೊಳಗೆ ಅಳೆದು, ಅಂಕದ ಬದಲು ಸ್ಥಾನವನ್ನು ಬರೆಯುತ್ತಾರೆ. ಇವರು ಒಂದು, ಅವರು ಎರಡು ಎಂದು. ಹೆಚ್ಚು ಮಂದಿ ಯಾರನ್ನು ಮೊದಲಿಗಿಟ್ಟರೋ ಅವರಿಗೇ ಗೆಲುವು. ಒಬ್ಬ ತೀರ್ಪುಗಾರ ಮನಸ್ಸಿಗೆ ಬಂದಂತೆ ಅಂಕ ಸುರಿದು ಫಲಿತಾಂಶವನ್ನು ತಿರುಚಲು ಅಲ್ಲಿ ಆಸ್ಪದವಿಲ್ಲ. ಬಹುಕಾಲದಿಂದ ಬಂದ ಈ ಪದ್ಧತಿ ನನಗೆ ಬಹಳ ಹಿಡಿಸುತ್ತದೆ.

ಟಿವಿಗೆ ಬಂದಾಗ ಲೆಕ್ಕವೇ ಬೇರೆಯಾಯಿತು. 2007ರ ಸ್ಪರ್ಧೆಯಲ್ಲಿ ಪ್ರತಿ ಜೋಡಿಯೂ ಮೊದಲು ಶಾಸ್ತ್ರದ ಒಂದು ನೃತ್ಯವನ್ನೂ, ಬಳಿಕ ತಮ್ಮ ನಾಡಿನ ಸೊಗಡು ಬೆರೆಸಿದ ಸ್ವಂತ ಕಟ್ಟಿನ ಒಂದು ನೃತ್ಯವನ್ನೂ ಮಾಡಬೇಕಿತ್ತು. ಈ ಎರಡನೆಯದು ನಿಜಕ್ಕೂ ಒಳ್ಳೆಯ ಆಲೋಚನೆ. ಶಾಸ್ತ್ರದಲ್ಲಿ ಪಳಗಿದ ಕಾಲು ತನ್ನ ಊರಿನ ಹೆಜ್ಜೆಗೆ ಹೇಗೆ ಒಗ್ಗುತ್ತದೆ ಎಂಬುದನ್ನು ಅಲ್ಲಿ ನೋಡಬಹುದಿತ್ತು. ಆದರೆ ತೀರ್ಪು ಪೂರ್ತಿಯಾಗಿ ವೀಕ್ಷಕರ ದೂರವಾಣಿ ಕರೆಗಳದ್ದು. ಒಂದೊಂದು ದೇಶದಲ್ಲಿಯೂ ಹೆಚ್ಚು ಮತ ಪಡೆದ ಜೋಡಿಗೆ 12 ಅಂಕ, ಮುಂದಿನದಕ್ಕೆ 10, ಅಲ್ಲಿಂದ 8, 7 ಎಂದು ಇಳಿಯುತ್ತ 1ರವರೆಗೆ. ತನ್ನ ದೇಶಕ್ಕೆ ತಾನೇ ಮತ ಹಾಕುವಂತಿಲ್ಲ ಎಂಬ ಕಟ್ಟುಪಾಡು ಇತ್ತು, ನಿಜ. ಆದರೆ ಹೊಟ್ಟೆಪಾಡಿಗೆ ಪಕ್ಕದ ದೇಶಕ್ಕೆ ಹೋಗಿ ನೆಲೆಸಿದವನು ಅಲ್ಲಿಂದ ತವರಿಗೆ ಒಂದು ಕರೆ ಮಾಡಿದರೆ ತಡೆಯುವವರು ಯಾರು? ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಹುಡುಗರ ಕೈಗೆ ಫೋನು ಕೊಟ್ಟರೆ ಅವರೂ ಅದನ್ನೇ ಮಾಡಿಯಾರು, ತಪ್ಪೆನ್ನಲಾರೆ.

ಆ ವರ್ಷ ಗೆದ್ದದ್ದು ಫಿನ್‌ಲೆಂಡಿನ ಜೋಡಿ, ಯುಸ್ಸಿ ವಾನಾನೆನ್ ಮತ್ತು ಕಾತ್ಯಾ ಕೌಕ್ಕುಲಾ. ಇಬ್ಬರೂ ವೃತ್ತಿ ನರ್ತಕರಾದ್ದರಿಂದ ಆ ಗೆಲುವಿಗೆ ಕೊಂಕು ನುಡಿಯುವಂತಿಲ್ಲ. ಈ ವಿದ್ಯೆಗೆ ಶಾಸ್ತ್ರ ಕಟ್ಟಿದ ಬ್ರಿಟನ್ನು ಮಾತ್ರ, ನುರಿತ ಜೋಡಿಯನ್ನೇ ಇಳಿಸಿದ್ದರೂ, ತನ್ನದೇ ಅಂಗಳದಲ್ಲಿ ಹದಿನಾರರಲ್ಲಿ ಹದಿನೈದನೆಯ ಸ್ಥಾನಕ್ಕೆ ಜಾರಿತು. ಮರುವರ್ಷ, 2008ರ ಸೆಪ್ಟೆಂಬರ್ 6ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ 14 ದೇಶಗಳು ಸೇರಿದಾಗ ವೀಕ್ಷಕರ ಮತದ ಜೊತೆಗೆ ಪರಿಣತ ತೀರ್ಪುಗಾರರ ಮಂಡಲಿಯನ್ನೂ ಕೂರಿಸಿದರು. ಆದರೆ ಅದೇ ಕೈಯಲ್ಲಿ, ಜೋಡಿಯಲ್ಲಿ ಒಬ್ಬರು ಜನಪ್ರಿಯ ವ್ಯಕ್ತಿಯಾಗಿರಬೇಕೆಂಬ ನಿಯಮವನ್ನೂ ತಂದರು. ಒಂದು ಕೈಯಲ್ಲಿ ಕಳೆ ಕಿತ್ತು ಇನ್ನೊಂದು ಕೈಯಲ್ಲಿ ಅದನ್ನೇ ಬಿತ್ತಿದಂತಾಯಿತು. ನರ್ತಕಿ ಎಡಿತಾ ಹೆರ್ಬುಶ್ ಮತ್ತು ನಟ ಮಾರ್ಚಿನ್ ಮ್ರೋಚೆಕ್ ಅವರ ಪೋಲೆಂಡ್ ಜೋಡಿ ಗೆದ್ದಿತು. 2009ಕ್ಕೆ ಅಜರ್‌ಬೈಜಾನಿನ ಬಾಕು ನಗರವನ್ನು ಗೊತ್ತುಮಾಡಿದ್ದರೂ ಸ್ಪರ್ಧೆ ಮುಂದಕ್ಕೆ ಹೋಯಿತು, ಮತ್ತೆ ನಡೆಯಲೇ ಇಲ್ಲ.

ಇನ್ನು ನನ್ನ ಚಪ್ಪರದ ವಿಷಯ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಜಡೆಕೋಲಾಟದ ಪಂದ್ಯಕ್ಕೆ ನನ್ನನ್ನು ತೀರ್ಪುಗಾರನಾಗಿ ಕೂರಿಸಿದ್ದರು. ಮೇಲಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಹಿಡಿದು, ಕೋಲು ಹಾಕುತ್ತ, ಒಬ್ಬರು ಒಳಗೆ ಒಬ್ಬರು ಹೊರಗೆ ನುಸುಳುತ್ತ ಜಡೆ ಹೆಣೆಯಬೇಕು; ಆಮೇಲೆ ಅದೇ ಹೆಜ್ಜೆಗಳನ್ನು ಹಿಂದುಮುಂದಾಗಿ ಹಾಕಿ ಬಿಚ್ಚಬೇಕು. ಒಬ್ಬನು ಒಂದು ಸಲ ಒಳಗೆ ಹೋಗುವ ಬದಲು ಹೊರಗೆ ಹೋದರೆ ಜಡೆ ಬಿಚ್ಚಿಕೊಳ್ಳುವುದಿಲ್ಲ. ನಡುವಯಸ್ಸಿನ ಹೆಂಗಸರ ತಂಡವೊಂದು ಮಾತಿಲ್ಲದೆ ಹೆಣೆದು, ತುದಿಯವರೆಗೆ ನೀಟಾಗಿ ಬಿಚ್ಚಿ, ಸೆರಗು ಸರಿಮಾಡಿಕೊಂಡು ಕೆಳಗಿಳಿಯಿತು. ಅವರ ಹಿಂದೆ ಬಂದದ್ದು ಜರತಾರಿ ಪೇಟ ಸುತ್ತಿದ ಹುಡುಗರ ತಂಡ. ಸಿಳ್ಳೆ ಮುಗಿಲು ಮುಟ್ಟಿತು. ಬಿಚ್ಚುವಾಗ ಮೊಳದಷ್ಟು ಮೇಲೆ ಹಗ್ಗ ಕಗ್ಗಂಟಾಗಿ ನಿಂತಿತು, ಹುಡುಗರು ಹಗ್ಗ ಬಿಟ್ಟು ಕೈಮುಗಿದರು, ಸಿಳ್ಳೆ ಇನ್ನೂ ಜೋರಾಯಿತು.

ನಮಗೆ ಕೊಟ್ಟ ಹಾಳೆಯಲ್ಲಿ ವೇಷ, ತಾಳ, ಹೊಂದಾಣಿಕೆಗಳ ಜೊತೆಗೆ 'ಜನಮೆಚ್ಚುಗೆ' ಎಂಬ ಕಲಮೂ ಇತ್ತು. ಅದಕ್ಕೆ 20 ಅಂಕ. ನಾನು ಹುಡುಗರಿಗೆ 18 ಬರೆದೆ. ಆ 18ರಿಂದಲೇ ಕಪ್ಪು ಅವರ ಪಾಲಾಯಿತು. ಬೆಳಿಗ್ಗೆ ಚಪ್ಪರ ಬಿಚ್ಚಲು ಬಂದವನು ಏಣಿಯ ಮೇಲೆ ನಿಂತು ಆ ಗಂಟಿನೊಡನೆ ಬಹಳ ಹೊತ್ತು ಗುದ್ದಾಡಿ, ಕಡೆಗೆ ಕುಡುಗೋಲಿನಿಂದ ಹಗ್ಗವನ್ನೇ ಕೊಯ್ದು ಕೆಳಗೆಸೆದ.