ಚರಂಡಿಗೆ ಮಾಡಿದ ಸಾಲಕ್ಕೆ ಲೆಕ್ಕ ಕೇಳುವವರು ಯಾರು?

[ಪರದೆ ಮೇಲೆ: ಅಡುಗೆಮನೆಯ ಟೇಬಲ್ಲು, ಬಿಚ್ಚಿಟ್ಟ ಒಂದು ಬಿಲ್ಲು]

ನಮಸ್ಕಾರ. ಅಮೆರಿಕದಲ್ಲಿರುವ ನಮ್ಮ ವೀಕ್ಷಕರೊಬ್ಬರು ಒಂದು ಫೋಟೊ ಕಳಿಸಿದ್ದರು. ಅವರ ಮನೆಯ ನೀರಿನ ಬಿಲ್ಲು, ಮೂರು ತಿಂಗಳಿಗೊಮ್ಮೆ ಬರುವಂಥದ್ದು. ಅದರಲ್ಲಿ ಕುಡಿಯುವ ನೀರಿಗೆ ಒಂದು ಮೊತ್ತ, ಒಳಚರಂಡಿಗೆ ಇನ್ನೊಂದು. ಕೆಳಗೆ ಅವರ ಮೆಸೇಜು: "ಮೇಡಂ, ಬರೋ ನೀರಿಗಿಂತ ಹೋಗೋ ನೀರಿಗೇ ಜಾಸ್ತಿ ದುಡ್ಡು! ನಮ್ಮೂರಿನವರು ಎಸ್‌ಟಿಪಿ ಕಟ್ಟೋಕೆ ಸರ್ಕಾರದ ಸಾಲ ತಗೊಂಡಿದ್ದಾರಂತೆ. ಎಷ್ಟು ಸಾಲ, ಏನು ಬಡ್ಡಿ, ಯಾರನ್ನ ಕೇಳೋದು?"

ಎಸ್‌ಟಿಪಿ ಅಂದರೆ ಚರಂಡಿ ನೀರನ್ನು ಶುದ್ಧ ಮಾಡುವ ಘಟಕ. ಅದರ ಸಾಲದ ಲೆಕ್ಕಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಅದನ್ನು ವರ್ಷವರ್ಷ ಬರೆದು ಒಪ್ಪಿಸಲೇಬೇಕು ಅಂತ ಅಲ್ಲಿ ಕಾನೂನೇ ಇದೆ. ಇವತ್ತು ಆ ಕಾನೂನಿನ ವಿಷಯ. ವರದಿ, ಆಡಿಟ್ ಅಂದ ಕೂಡಲೇ ವಿಡಿಯೋ ಮುಚ್ಚಬೇಡಿ. ಇದರೊಳಗೆ ಒಂದು ಗಡಿಯಾರ ಇದೆ, ಅದನ್ನಾದರೂ ನೋಡಿ ಹೋಗಿ.

[ಪರದೆ ಮೇಲೆ: ಹೊಗೆ ಏಳುತ್ತಿರುವ ನದಿಯ ಚಿತ್ರ]

ಮೊದಲು ಸ್ವಲ್ಪ ಹಿಂದಕ್ಕೆ. 1969ರ ಜೂನ್‌ನಲ್ಲಿ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಕಾಯಹೋಗ ನದಿಗೆ ಬೆಂಕಿ ಬಿತ್ತು. ಹೌದು, ನೀರಿಗೇ. ಬೆಳ್ಳಂದೂರು ಕೆರೆ ಉರಿದದ್ದನ್ನು ನೋಡಿದ ನಮಗೆ ಅದು ನಂಬೋಕಾಗದ ಸುದ್ದಿ ಏನಲ್ಲ ಬಿಡಿ. ಮೂರು ವರ್ಷ ಕಳೆದು 1972ರಲ್ಲಿ ಶುದ್ಧ ನೀರಿನ ಕಾಯ್ದೆ ಬಂತು. ಅಧ್ಯಕ್ಷ ನಿಕ್ಸನ್ ಬೇಡ ಅಂದರೂ ಅಲ್ಲಿನ ಸಂಸತ್ತು ಅವರ ತಡೆಯನ್ನು ಮೀರಿ ಪಾಸ್ ಮಾಡಿತು.

ಆಗ ಊರುಗಳಿಗೆ ಸಿಗುತ್ತಿದ್ದದ್ದು ಸಾಲ ಅಲ್ಲ, ಗ್ರಾಂಟ್. ಘಟಕ ಕಟ್ಟುವ ಖರ್ಚಿನಲ್ಲಿ ನೂರಕ್ಕೆ 75 ಕೇಂದ್ರವೇ ಕೊಡುತ್ತಿತ್ತು. ಆಮೇಲೆ ಅದು 55ಕ್ಕೆ ಇಳಿಯಿತು. ಕೊಟ್ಟ ದುಡ್ಡು ಕೊಟ್ಟಂತೆಯೇ, ವಾಪಸ್ ಬರುವ ಮಾತಿಲ್ಲ. 1987ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಈ ಸಲ ಬೇಡ ಅಂದವರು ರೇಗನ್. ಅವರ ತಡೆಯನ್ನೂ ಸಂಸತ್ತು ಮೀರಿತು. ಗ್ರಾಂಟ್ ಹೋಗಿ ಅದರ ಜಾಗಕ್ಕೆ ಸಾಲದ ನಿಧಿ ಬಂದದ್ದು ಹೀಗೆ.

ನಮ್ಮ ಹಳ್ಳಿಗಳ ಸ್ವಸಹಾಯ ಸಂಘದ ಅಕ್ಕಂದಿರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅವರು ಇದಕ್ಕೆ ಸುತ್ತುನಿಧಿ ಅಂತಾರೆ. ಸಂಘಕ್ಕೆ ಒಂದಿಷ್ಟು ದುಡ್ಡು ಬರುತ್ತದೆ. ಒಬ್ಬರು ಹಸು ಕೊಳ್ಳಲು ಸಾಲ ತಗೊಳ್ಳುತ್ತಾರೆ, ಕಂತು ಕಟ್ಟುತ್ತಾರೆ, ಅದೇ ದುಡ್ಡು ಮುಂದಿನವರ ಹೊಲಿಗೆ ಮೆಷಿನ್‌ಗೆ ಹೋಗುತ್ತದೆ. ಅಮೆರಿಕದ 50 ರಾಜ್ಯಗಳಲ್ಲೂ ಪೋರ್ಟೊ ರಿಕೊದಲ್ಲೂ ಇರುವುದು ಇಂಥದ್ದೇ ನಿಧಿ. ಕೇಂದ್ರ ರಾಜ್ಯದ ನಿಧಿಗೆ ದುಡ್ಡು ಹಾಕುತ್ತದೆ, ರಾಜ್ಯ ಅದರಿಂದ ಊರುಗಳಿಗೆ ಸಾಲ ಕೊಡುತ್ತದೆ. ಹಸುವಿನ ಬದಲು ಎಸ್‌ಟಿಪಿ, ಅಷ್ಟೇ. ಬಡ್ಡಿ ಮಾರುಕಟ್ಟೆ ದರಕ್ಕಿಂತ ಹೆಚ್ಚಿರುವಂತಿಲ್ಲ, ಸೊನ್ನೆಯೂ ಆಗಬಹುದು. ಮೊದಲು ಅವಧಿ 20 ವರ್ಷ ಇತ್ತು, 2014ರಲ್ಲಿ 30ಕ್ಕೆ ಏರಿತು. ಆದರೆ ಕಟ್ಟಿದ ವಸ್ತುವಿನ ಆಯಸ್ಸು ಅದಕ್ಕಿಂತ ಕಡಿಮೆ ಇದ್ದರೆ ಸಾಲ ಅಷ್ಟರೊಳಗೇ ತೀರಬೇಕು. ಕೆಲಸ ಮುಗಿದು ಒಂದು ವರ್ಷದೊಳಗೆ ಕಂತು ಶುರು. ಮತ್ತೆ, ತೀರಿಸೋಕೆ ಖಾಯಂ ಆದಾಯದ ಮೂಲ ತೋರಿಸದೆ ಊರಿಗೆ ಸಾಲವೇ ಸಿಗೋದಿಲ್ಲ. ನಮ್ಮ ವೀಕ್ಷಕರ ಬಿಲ್ಲು ಇದೆಯಲ್ಲ, ಆ ಮೂಲ ಅದೇ!

[ಪರದೆ ಮೇಲೆ: ಸಂಘದ ಲೆಕ್ಕದ ಪುಸ್ತಕ, ಪಕ್ಕದಲ್ಲಿ ರಾಜ್ಯವೊಂದರ ದಪ್ಪ ವರದಿ]

ಸಂಘದಲ್ಲಿ ವಾರವಾರ ಪುಸ್ತಕ ಬಿಚ್ಚುತ್ತಾರೆ. ಎಲ್ಲರ ಎದುರೇ ಓದುತ್ತಾರೆ. ಇಲ್ಲಿ ರಾಜ್ಯ ತನ್ನ ಪುಸ್ತಕ ಬಿಚ್ಚುವುದು ಇಪಿಎ ಎದುರು. ಇಪಿಎ ಅಂದರೆ ಕೇಂದ್ರದ ಪರಿಸರ ರಕ್ಷಣಾ ಸಂಸ್ಥೆ.

ಪುಸ್ತಕ ಒಂದಲ್ಲ, ಎರಡು. ವರ್ಷ ಶುರುವಾಗುವಾಗ ಒಂದು ಯೋಜನೆ: ಈ ಸಲ ಯಾವ ಊರಿಗೆ, ಯಾವ ಕೆಲಸಕ್ಕೆ, ಯಾವ ಷರತ್ತಿನ ಮೇಲೆ ಕೊಡುತ್ತೇವೆ, ಊರುಗಳನ್ನು ಆರಿಸಿದ್ದು ಹೇಗೆ. ಇದನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳಲೇಬೇಕು. ವರ್ಷ ಮುಗಿದ ಮೇಲೆ ವಾರ್ಷಿಕ ವರದಿ: ಮಾಡ್ತೀವಿ ಅಂದದ್ದರಲ್ಲಿ ಏನು ಮಾಡಿದೆವು, ಸಾಲ ತಗೊಂಡವರು ಯಾರು, ಮೊತ್ತ ಎಷ್ಟು, ಷರತ್ತು ಏನು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಮಜಾ ಇದೆ. ಯೋಜನೆಯ ಪಟ್ಟಿಯಲ್ಲಿದ್ದ ಒಂದು ಊರು ವರದಿಯಲ್ಲಿ ಕಾಣುವುದಿಲ್ಲ ಅಂದುಕೊಳ್ಳಿ. ಯಾಕೆ? ಜಾಗ ಸಿಗಲಿಲ್ಲವೋ, ಟೆಂಡರ್ ಆಗಲಿಲ್ಲವೋ, ಊರಿನವರು ಬಿಲ್ ಏರಿಸೋಕೆ ಒಪ್ಪಲಿಲ್ಲವೋ? ಪ್ರಶ್ನೆ ಹುಟ್ಟುವುದೇ ಅಲ್ಲಿ.

ಈಗ ಗಡಿಯಾರದ ವಿಷಯ. ವಾರ್ಷಿಕ ವರದಿಯಲ್ಲಿ ರಾಜ್ಯ ಒಂದು ಅಂಕಿ ಸಾಬೀತು ಮಾಡಿ ತೋರಿಸಬೇಕು: ನೂರಕ್ಕೆ 120. ನಾನು ಮೊದಲ ಸಲ ಓದಿದಾಗ ಪ್ರಿಂಟ್ ತಪ್ಪು ಅಂದುಕೊಂಡೆ. ನೂರು ಕೊಟ್ಟರೆ ನೂರಿಪ್ಪತ್ತು ಎಲ್ಲಿಂದ ಬಂತು?

[ಪರದೆ ಮೇಲೆ: 100 + 20 = 120]

ಲೆಕ್ಕ ಸುಲಭ. ಕೇಂದ್ರ 100 ಡಾಲರ್ ಕೊಟ್ಟರೆ ರಾಜ್ಯ ತನ್ನ ಕೈಯಿಂದ ಕನಿಷ್ಠ 20 ಹಾಕಬೇಕು, ಅದೂ ಕೇಂದ್ರದ ಕಂತು ಬರುವ ಹೊತ್ತಿಗೆ. ಎರಡೂ ಸೇರಿ 120. ಕಂತು ಬಂದ ಒಂದು ವರ್ಷದೊಳಗೆ ಅಷ್ಟೂ ದುಡ್ಡಿಗೆ ಊರುಗಳ ಜೊತೆ ಗಟ್ಟಿ ಒಪ್ಪಂದ ಆಗಿರಬೇಕು. ಕೊಡೋಣ, ನೋಡೋಣ ಅನ್ನುವ ಮಾತೆಲ್ಲ ಲೆಕ್ಕಕ್ಕಿಲ್ಲ. ಸಹಿ ಬಿದ್ದ, ಷರತ್ತು ಬರೆದ ಸಾಲದ ಪತ್ರವೇ ಬೇಕು. ಒಂದು ಕಂತಿನಲ್ಲಿ 120ಕ್ಕಿಂತ ಹೆಚ್ಚು ಒಪ್ಪಂದ ಮಾಡಿದರೆ, ಹೆಚ್ಚಾದದ್ದನ್ನು ಮುಂದಿನ ಕಂತಿನ ಲೆಕ್ಕಕ್ಕೆ ಹಿಡಿದುಕೊಳ್ಳಬಹುದು. ಕಡಿಮೆ ಬಿದ್ದರೆ ಮುಂದಿನ ಕಂತು ನಿಲ್ಲಬಹುದು.

ಇನ್ನೂ ಒಂದು ಸೂಕ್ಷ್ಮ ಇದೆ. ಇಲ್ಲಿ "ಕಂತು ಬಂತು" ಅಂದರೆ ದುಡ್ಡು ಕೈಗೆ ಬಂತು ಅಂತ ಅಲ್ಲ. ಇಷ್ಟು ಡಾಲರ್‌ವರೆಗೆ ನೀವು ಎಳೆದುಕೊಳ್ಳಬಹುದು ಅಂತ ಕೇಂದ್ರ ಮಿತಿಯನ್ನು ಏರಿಸುತ್ತದೆ, ಅಷ್ಟೇ. ನಿಜವಾದ ದುಡ್ಡು ಹರಿಯುವುದು ಕೆಲಸ ನಡೆದಾಗ. ಊರಿನ ಅಂಚಿನಲ್ಲಿ ಗುತ್ತಿಗೆದಾರ ಹೊಸ ತೊಟ್ಟಿಗೆ ಕಾಂಕ್ರೀಟ್ ಹಾಕಿದ ಅಂದುಕೊಳ್ಳಿ. ಬಿಲ್ಲು ಬರೆದ. ಎಂಜಿನಿಯರ್ ಅಳತೆ ನೋಡಿ ಸಹಿ ಹಾಕಿದರು. ಬಿಲ್ಲಿನ ಜೊತೆ ಕೂಲಿಯವರ ವಾರದ ಸಂಬಳದ ಪಟ್ಟಿಯೂ ಬೇಕು. ಆ ಪ್ರದೇಶಕ್ಕೆ ಗೊತ್ತು ಮಾಡಿದ ಕೂಲಿಗಿಂತ ಕಡಿಮೆ ಕೊಟ್ಟಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಊರು ಬಿಲ್ಲನ್ನು ರಾಜ್ಯಕ್ಕೆ ಕಳಿಸುತ್ತದೆ. ರಾಜ್ಯ ಅದನ್ನು ನೋಡಿ, ಕೇಂದ್ರದ ಪಾಲನ್ನು ಆಗ ಎಳೆದುಕೊಳ್ಳುತ್ತದೆ. ಆದರೆ ಒಂದು ವರ್ಷದ ಗಡಿಯಾರ ಇದಕ್ಕೆಲ್ಲ ಕಾಯುವುದಿಲ್ಲ. ಮಿತಿ ಏರಿಸಿದ ದಿನವೇ ಅದು ಓಡೋಕೆ ಶುರು ಮಾಡಿರುತ್ತದೆ.

ನನಗೆ ಅನ್ನಿಸುವುದು ಇಷ್ಟು. ವರದಿಯ ನೂರಾರು ಪುಟಗಳ ಹಿಂದೆ ಇರುವ ಪ್ರಶ್ನೆ ಒಂದೇ: ದುಡ್ಡು ಓಡುತ್ತಿದೆಯೋ, ಕೂತಿದೆಯೋ? ಕದ್ದ ದುಡ್ಡಿನಷ್ಟೇ ಈ ಕಾನೂನಿಗೆ ಕೂತ ದುಡ್ಡಿನ ಮೇಲೂ ಸಿಟ್ಟು.

ಕದಿಯುವುದನ್ನು ಹಿಡಿಯೋಕೆ ಆಡಿಟ್ ಬೇರೆ ಇದೆ. ವರ್ಷಕ್ಕೊಮ್ಮೆಯಾದರೂ ಆಗಬೇಕು. ಲೆಕ್ಕದ ವರ್ಷ ಮುಗಿದು ಒಂದು ವರ್ಷದೊಳಗೆ ವರದಿ ತಯಾರಾಗಬೇಕು, ತಯಾರಾಗಿ 30 ದಿನದಲ್ಲಿ ಇಪಿಎ ಒಳಗಿನ ತನಿಖಾ ಕಚೇರಿಗೆ ಸೇರಬೇಕು ಅಂತ ನಿಯಮ. ಸಾಲ ತಗೊಂಡ ಊರಿಗೂ ಬಿಡುಗಡೆ ಇಲ್ಲ. ಒಂದು ವರ್ಷದಲ್ಲಿ ಕೇಂದ್ರದ ದುಡ್ಡು ಇಷ್ಟಕ್ಕಿಂತ ಹೆಚ್ಚು ಖರ್ಚು ಮಾಡಿದರೆ ಪ್ರತ್ಯೇಕ ಆಡಿಟ್ ಮಾಡಿಸಬೇಕು. ಆ ಮಿತಿ ಏಳೂವರೆ ಲಕ್ಷ ಡಾಲರ್ ಇತ್ತು. 2024ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಶುರುವಾಗುವ ಲೆಕ್ಕದ ವರ್ಷಗಳಿಗೆ 10 ಲಕ್ಷ.

ಇಲ್ಲಿ ಒಂದು ಜಾಣತನ ನಡೆಯುತ್ತದೆ. ನಿಧಿಯಲ್ಲಿರುವುದು ಬರೀ ಕೇಂದ್ರದ ಹೊಸ ದುಡ್ಡಲ್ಲ, ಹಳೇ ಸಾಲಗಳ ವಾಪಸಾತಿಯೂ ಅದರಲ್ಲಿದೆ. ಹಾಗಾಗಿ ಕೇಂದ್ರದ ಕೆಲವು ಷರತ್ತುಗಳು ಎಲ್ಲ ಸಾಲಗಳಿಗೂ ಅನ್ವಯಿಸಬೇಕಿಲ್ಲ, ಆ ವರ್ಷ ಕೇಂದ್ರ ನಿಧಿಗೆ ಕೊಟ್ಟ ಮೊತ್ತಕ್ಕೆ ಸಮನಾದ ಸಾಲಗಳಿಗೆ ಸಾಕು. ಊರು ಮಾಡಿಸುವ ಆಡಿಟ್ ಅಂಥ ಒಂದು ಷರತ್ತು. 2006ರ ಪಾರದರ್ಶಕತೆ ಕಾನೂನಿನ ಪ್ರಕಾರ ಸಾಲದ ವಿವರವನ್ನು ಕೇಂದ್ರದ ವೆಬ್‌ಸೈಟಿಗೆ ಏರಿಸುವುದು ಇನ್ನೊಂದು. ಯಾವ ಸಾಲ ಆ ಲೆಕ್ಕಕ್ಕೆ ಅಂತ ಆರಿಸುವುದು ರಾಜ್ಯ. ದೊಡ್ಡ ಊರಿನ ಒಂದೆರಡು ಸಾಲ ಹಿಡಿದರೆ ಮೊತ್ತ ಮುಗಿದೇ ಹೋಯಿತು. ಸಣ್ಣ ಊರಿನ ಒಬ್ಬನೇ ಗುಮಾಸ್ತನಿಗೆ ಕಾಗದದ ಹೊರೆ ತಪ್ಪಿತು. ಒಳ್ಳೆಯದೇ. ಆದರೆ ಓದುವ ನಮಗೆ ತಲೆನೋವು. ಒಂದೇ ನಿಧಿ, ಅಕ್ಕಪಕ್ಕದ ಎರಡು ಊರು, ಒಂದರ ವಿವರ ಆ ವೆಬ್‌ಸೈಟಿನಲ್ಲಿ ಸಿಗುತ್ತದೆ, ಇನ್ನೊಂದರದ್ದು ಸಿಗೋದಿಲ್ಲ.

ರಾಜ್ಯ ನಿಯಮ ಮುರಿದರೆ? ಇಪಿಎ ನೋಟಿಸ್ ಕೊಡುತ್ತದೆ. 60 ದಿನದಲ್ಲಿ ಸರಿ ಮಾಡದಿದ್ದರೆ ಮುಂದಿನ ಕಂತುಗಳು ಬಂದ್. ನೋಟಿಸ್ ಕೊಟ್ಟು 12 ತಿಂಗಳಾದರೂ ತೃಪ್ತಿ ಆಗದಿದ್ದರೆ, ಹಿಡಿದಿಟ್ಟ ದುಡ್ಡು ಬೇರೆ ರಾಜ್ಯಗಳ ಪಾಲು. ಪಕ್ಕದ ರಾಜ್ಯಕ್ಕೆ ಹೋಗುತ್ತದೆ ಅಂದರೆ ಯಾವ ಸರ್ಕಾರಕ್ಕೂ ನಿದ್ದೆ ಬರೋದಿಲ್ಲ, ಅಲ್ವಾ?

[ಪರದೆ ಮೇಲೆ: 2010 ಫೆಬ್ರವರಿ 17]

ಈ ಭಯ ಎಷ್ಟು ಕೆಲಸ ಮಾಡುತ್ತದೆ ಅಂತ 2009ರಲ್ಲಿ ಗೊತ್ತಾಯಿತು. ಆರ್ಥಿಕ ಕುಸಿತದಿಂದ ಏಳೋಕೆ ಅಂತ ಕೇಂದ್ರ ಈ ನಿಧಿಗಳಿಗೆ 400 ಕೋಟಿ ಡಾಲರ್ ಸುರಿಯಿತು. ಷರತ್ತು: ಒಂದೇ ವರ್ಷದಲ್ಲಿ, ಅಂದರೆ 2010ರ ಫೆಬ್ರವರಿ 17ರೊಳಗೆ, ಅಷ್ಟಕ್ಕೂ ಗುತ್ತಿಗೆ ಆಗಿರಬೇಕು ಇಲ್ಲವೇ ಕೆಲಸ ಶುರುವಾಗಿರಬೇಕು. ಇಲ್ಲದಿದ್ದರೆ ಬೇರೆ ರಾಜ್ಯಕ್ಕೆ. ಎಲ್ಲ ರಾಜ್ಯಗಳೂ ಗಡುವು ಮುಟ್ಟಿದವು!

ಜೊತೆಗೆ ಮೂರು ತಿಂಗಳಿಗೊಮ್ಮೆ ಇನ್ನೊಂದು ವರದಿ. ತ್ರೈಮಾಸಿಕ ಮುಗಿದ ಹತ್ತೇ ದಿನದಲ್ಲಿ ಕೊಡಬೇಕು. ಅದರಲ್ಲಿ ಎಷ್ಟು ಉದ್ಯೋಗ ಸಿಕ್ಕಿತು ಅಂತ ಬರೆಯಬೇಕು. ಮೊದಲು "ಹೊಸದಾಗಿ ಹುಟ್ಟಿದ ಅಥವಾ ಉಳಿದ ಉದ್ಯೋಗ" ಅಂತ ಕೇಳಿದರು. ಉಳಿದ ಉದ್ಯೋಗ ಅಂದರೆ ಏನು? ಈ ದುಡ್ಡು ಬರದಿದ್ದರೆ ಆ ಪೈಪ್ ಜೋಡಿಸುವವನ ಕೆಲಸ ಹೋಗುತ್ತಿತ್ತು ಅಂತ ಹೇಳೋಕೆ ಯಾರು ಜ್ಯೋತಿಷಿ? ಗೊಂದಲವೋ ಗೊಂದಲ. ಕೊನೆಗೆ 2009ರ ಡಿಸೆಂಬರ್‌ನಲ್ಲಿ ಲೆಕ್ಕ ಬದಲಾಯಿಸಿದರು: ಈ ದುಡ್ಡಿನಿಂದ ಸಂಬಳ ಕೊಟ್ಟ ಗಂಟೆಗಳನ್ನು ಕೂಡಿಸಿ, ಒಂದು ಪೂರ್ಣಾವಧಿ ಕೆಲಸದ ಗಂಟೆಗಳಿಂದ ಭಾಗಿಸಿ, ಸಾಕು.

2021ರ ಮೂಲಸೌಕರ್ಯ ಕಾನೂನು ಐದು ವರ್ಷಕ್ಕೆ ಇನ್ನೂ 1,170 ಕೋಟಿ ಡಾಲರ್ ಸೇರಿಸಿತು. ಅದರಲ್ಲಿ ನೂರಕ್ಕೆ 49 ಭಾಗ ಬಡ ಊರುಗಳಿಗೆ ಗ್ರಾಂಟ್ ಅಥವಾ ಅಸಲು ಮನ್ನಾ ರೂಪದಲ್ಲಿ ಹೋಗಬೇಕು. ಸಾಲ ಮನ್ನಾ ಅಂದರೆ ಏನು ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಮನ್ನಾ ಆದ ದುಡ್ಡು ಸುತ್ತಿ ಬರೋದಿಲ್ಲ. ಅದಕ್ಕೇ ವರದಿಯಲ್ಲಿ ಯಾರಿಗೆ ಎಷ್ಟು ಮನ್ನಾ ಅನ್ನುವುದನ್ನು ನಾನು ಮೊದಲು ನೋಡುವುದು.

ನನ್ನದೊಂದು ತಕರಾರೂ ಇದೆ. ದುಡ್ಡಿನ ಲೆಕ್ಕಕ್ಕೆ ಇಷ್ಟು ಕಟ್ಟುನಿಟ್ಟು. ನೀರಿನ ಲೆಕ್ಕಕ್ಕೆ? ಯಾವ ನದಿಗೆ ಪ್ರಯೋಜನ, ಅದು ಸುಧಾರಿಸುತ್ತದೋ ಇದ್ದ ಹಾಗೇ ಉಳಿಯುತ್ತದೋ ಅಂತ ಪ್ರತಿ ಸಾಲಕ್ಕೂ ತುಂಬಿಸುವ ಕಲಂಗಳಿವೆ. ಆದರೆ ಅದನ್ನು ತುಂಬುವುದು ಸಾಲ ಕೊಡುವ ಹೊತ್ತಿಗೆ. ಅದು ನಿರೀಕ್ಷೆ, ಅಳತೆ ಅಲ್ಲ. ಘಟಕ ಕಟ್ಟಿ ಹತ್ತು ವರ್ಷ ಆದ ಮೇಲೆ ಆ ನದಿ ಹೇಗಿದೆ ಅಂತ ನೋಡಬೇಕಾದರೆ ಬೇರೆಯೇ ಕಡತ ಹುಡುಕಬೇಕು.

[ಪರದೆ ಮೇಲೆ: ವರದಿಯ ಕೊನೆಯ ಕೋಷ್ಟಕ, ಒಂದು ಸಾಲಿನ ಕೆಳಗೆ ಹಳದಿ ಗೆರೆ]

ಸರಿ, ನಮ್ಮ ವೀಕ್ಷಕರ ಕಥೆ. ಅವರ ರಾಜ್ಯದ ವಾರ್ಷಿಕ ವರದಿಯ ಲಿಂಕ್ ಕಳಿಸಿದೆ. ಮುನ್ನುಡಿ ಬಿಡಿ, ಕೊನೆಗೆ ಹೋಗಿ, ಕೋಷ್ಟಕ ನೋಡಿ ಅಂದೆ. ರಾತ್ರಿ ಉತ್ತರ ಬಂತು. ಅವರೂರಿನ ಹೆಸರು ಸಿಕ್ಕಿತ್ತು. ಪಕ್ಕದಲ್ಲಿ ಮೊತ್ತ, ಬಡ್ಡಿ, ಅವಧಿ. ಬಡ್ಡಿ ನೋಡಿ ಅವರಿಗೆ ಆಶ್ಚರ್ಯ: "ನನ್ನ ಮನೆ ಸಾಲಕ್ಕಿಂತ ಎಷ್ಟೋ ಕಡಿಮೆ ಇದೆಯಲ್ಲ!" ಆಮೇಲೆ ಅವಧಿ ನೋಡಿದರು. 30 ವರ್ಷ.

"ಮೇಡಂ, ಇದು ತೀರೋದು ನಾನು ರಿಟೈರ್ ಆದ ಮೇಲೇನೆ," ಅಂತ ಬರೆದಿದ್ದರು. ಅದರ ಕೆಳಗೆ ಇನ್ನೊಂದು ಪ್ರಶ್ನೆ. ಮುಂದಿನ ವರ್ಷದ ಯೋಜನೆಗೆ ಜನರ ಅಭಿಪ್ರಾಯ ಕೇಳುವುದು ಯಾವ ತಿಂಗಳಲ್ಲಿ?