ಆದೇಶ ತಲುಪೀತೇ ಎಂಬ ಅನುಮಾನ

ಕೇಳುಗರೇ, ನಮಸ್ಕಾರ. ಪ್ರತಿ ವರ್ಷ ಜನವರಿ 1ರಂದು ಭಾರತವೂ ಪಾಕಿಸ್ತಾನವೂ ತಮ್ಮ ಪರಮಾಣು ನೆಲೆಗಳ ಪಟ್ಟಿಯನ್ನು ಪರಸ್ಪರ ಕೊಟ್ಟುಕೊಳ್ಳುತ್ತವೆ. 1992ರಲ್ಲಿ ಶುರುವಾದ ಈ ಕ್ರಮ ಕಾರ್ಗಿಲ್ ಕದನದ ಮರುವರ್ಷವೂ ತಪ್ಪಲಿಲ್ಲ. ಇದರ ಬೇರು 1988ರ ಡಿಸೆಂಬರ್ 31ರ ಒಪ್ಪಂದದಲ್ಲಿದೆ: ಒಬ್ಬರ ಸ್ಥಾವರಕ್ಕೆ ಇನ್ನೊಬ್ಬರು ಹಾನಿ ಮಾಡಕೂಡದು. ರಿಯಾಕ್ಟರು, ಇಂಧನ ತಯಾರಿಕೆ, ಯುರೇನಿಯಂ ಸಂವರ್ಧನೆ, ಮರುಸಂಸ್ಕರಣೆ ಎಲ್ಲಕ್ಕೂ ಅದರಲ್ಲಿ ಹೆಸರುಂಟು. ಅಣ್ವಸ್ತ್ರದ ಆದೇಶ ಸಾಗುವ ಸಂಪರ್ಕ ಜಾಲಕ್ಕೆ, ದಾಳಿಯ ಸುಳಿವು ಕೊಡುವ ರಾಡಾರಿಗೆ ಇಲ್ಲ. ಈ ಜಾಲಕ್ಕೇ ಕಂಪ್ಯೂಟರಿನ ಮೂಲಕ ಕನ್ನ ಬಿದ್ದರೆ ಏನಾದೀತು ಎಂಬುದೇ ಇವತ್ತಿನ ಮಾತು.

ಹ್ಯಾಕರನೊಬ್ಬ ಕೂತಲ್ಲಿಂದಲೇ ಕ್ಷಿಪಣಿ ಹಾರಿಸುವುದು ಸಿನಿಮಾಕ್ಕೆ ಚೆಂದ. ವಾಸ್ತವದ ತಲೆನೋವು ಅಷ್ಟು ರೋಚಕವಲ್ಲ. ಎದುರಾಳಿಯ ಜಾಲದಲ್ಲಿ ಬೇಹುಗಾರಿಕೆಗೆಂದು ಕೂರಿಸಿದ ತಂತ್ರಾಂಶ ಇವತ್ತು ಬರೀ ಓದುತ್ತದೆ. ನಾಳೆ ಅದೇ ಕಂಡಿಯಿಂದ ಜಾಲ ಕೆಡಿಸುವ ಕೋಡನ್ನೂ ಇಳಿಸಬಹುದು. ಪತ್ತೆಹಚ್ಚಿದವರಿಗೆ ವೈರಸ್ಸು ಸಿಗುತ್ತದೆ, ಉದ್ದೇಶ ಸಿಗುವುದಿಲ್ಲ. ಗಡಿ ಶಾಂತವಿದ್ದರೆ ತಿಂಗಳುಗಟ್ಟಲೆ ತನಿಖೆ ನಡೆಸಬಹುದು. ಬಿಕ್ಕಟ್ಟಿನ ನಡುವೆ ಸಿಕ್ಕಿದರೆ? ಇಲ್ಲಿ ಕ್ಷಿಪಣಿ ಗುರಿ ಮುಟ್ಟಲು ಕೆಲವೇ ನಿಮಿಷ ಸಾಕು. ಆದೇಶ ತಲುಪದೇ ಹೋದೀತೆಂದು ಅಂಜಿದವರು ಅಸ್ತ್ರವನ್ನು ಬೇಗ ಹೊರತೆಗೆದಾರು, ಉಡಾಯಿಸುವ ಅಧಿಕಾರವನ್ನು ಕೆಳಗಿನವರಿಗೆ ಬಿಟ್ಟುಕೊಟ್ಟಾರು. ರಣಾಂಗಣಕ್ಕೆಂದೇ ಮಾಡಿದ, 60–70 ಕಿಲೋಮೀಟರ್ ವ್ಯಾಪ್ತಿಯ ನಸ್ರ್ ಕ್ಷಿಪಣಿ ಇಟ್ಟುಕೊಂಡ ಪಾಕಿಸ್ತಾನಕ್ಕೆ ಈ ಒತ್ತಡ ಜಾಸ್ತಿ. ಭಾರತವೂ ಹೊರತಲ್ಲ: ಮೊದಲು ಬಳಸುವುದಿಲ್ಲ ಎಂಬ 2003ರ ನೀತಿ ನಿಂತಿರುವುದೇ ಪೆಟ್ಟು ತಿಂದ ಮೇಲೂ ಆದೇಶ ತಲುಪುತ್ತದೆ ಎಂಬ ಭರವಸೆಯ ಮೇಲೆ.

ಜಾಲವನ್ನು ಇಂಟರ್ನೆಟ್ಟಿನಿಂದ ಬೇರ್ಪಡಿಸಿದರೆ ಸಾಲದೇ? ಇರಾನಿನ ಪರಮಾಣು ಘಟಕ ನತಾಂಜ್‌ನಲ್ಲಿ ಹಾಗೆ ಬೇರ್ಪಟ್ಟ ಜಾಲಕ್ಕೂ ಸ್ಟಕ್ಸ್‌ನೆಟ್ ಎಂಬ ವೈರಸ್ ನುಗ್ಗಿತ್ತು. 2019ರಲ್ಲಿ ಕೂಡಂಕುಳಂ ಪರಮಾಣು ಸ್ಥಾವರದ ಆಡಳಿತ ಜಾಲದ ಕಂಪ್ಯೂಟರಿನಲ್ಲಿ ಮಾಲ್‌ವೇರ್ ಸಿಕ್ಕಿತು. ನಿಯಂತ್ರಣ ವ್ಯವಸ್ಥೆಗೆ ಏನೂ ಆಗಲಿಲ್ಲ. ಆದರೆ ಅಧಿಕಾರಿಗಳು ಮೊದಲ ದಿನ ಅಲ್ಲಗಳೆದು ಮರುದಿನ ಒಪ್ಪಿಕೊಂಡದ್ದು ಒಳ್ಳೆಯ ಅಭ್ಯಾಸವಲ್ಲ.

2022ರ ಮಾರ್ಚ್ 9ರಂದು ಭಾರತದಿಂದ ಆಕಸ್ಮಿಕವಾಗಿ ಹಾರಿದ ಬ್ರಹ್ಮೋಸ್ ಕ್ಷಿಪಣಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ದಿಲ್ಲಿಯ ಬಹಿರಂಗ ವಿವರಣೆ ಬಂದದ್ದು 11ರಂದು. ಕ್ಷಿಪಣಿ ಪರೀಕ್ಷೆಗೆ ಮೂರು ದಿನ ಮೊದಲೇ ತಿಳಿಸಬೇಕೆಂಬ 2005ರ ಒಪ್ಪಂದಕ್ಕೆ ಮೇಲೆ ಚಿಮ್ಮಿ ಕಮಾನಿನಂತೆ ಬೀಳುವ ಬ್ಯಾಲಿಸ್ಟಿಕ್ ಕ್ಷಿಪಣಿ ಮಾತ್ರ ಒಳಪಡುತ್ತದೆ. ಬ್ರಹ್ಮೋಸ್ ವಿಮಾನದಂತೆ ಹಾರುವ ಕ್ರೂಸ್ ಜಾತಿಯದು. ಹಿಂದಿನ ವಾರವಷ್ಟೇ ಯಾರದೋ ರಾಡಾರ್ ಜಾಲದಲ್ಲಿ ವೈರಸ್ ಪತ್ತೆಯಾಗಿದ್ದಿದ್ದರೆ, ಆ ಎರಡು ದಿನ ಇಷ್ಟು ತಣ್ಣಗೆ ಕಳೆಯುತ್ತಿತ್ತೇ?

ಮೊದಲ ಕೆಲಸ ತಾಂತ್ರಿಕವಾದದ್ದು: ಸಾಮಾನ್ಯ ಸೇನೆಯ ಸಂಪರ್ಕವನ್ನೂ ಅಣ್ವಸ್ತ್ರದ ಸಂಪರ್ಕವನ್ನೂ ಒಂದೇ ಉಪಗ್ರಹ, ಒಂದೇ ಕೇಬಲ್ ಮೇಲೆ ಹೊರಿಸಬಾರದು. ಹೊರಿಸಿದರೆ, ಮಾಮೂಲಿ ಸಮರದಲ್ಲಿ ಅದನ್ನು ಕೆಡಿಸಿದವರು ತಮಗೇ ತಿಳಿಯದೆ ಅಣ್ವಸ್ತ್ರದ ದಾರಿ ತುಳಿದಿರುತ್ತಾರೆ. ಎರಡನೆಯದು, ಆದೇಶ ಜಾಲಗಳನ್ನೂ 1988ರ ಒಪ್ಪಂದಕ್ಕೆ ಸೇರಿಸುವುದು. ತಪಾಸಣೆ ಮಾತ್ರ ಕಷ್ಟ. ಕ್ಷಿಪಣಿಯನ್ನು ಉಪಗ್ರಹ ಎಣಿಸುತ್ತದೆ. ಕೋಡನ್ನು ಎಣಿಸಬೇಕಾದರೆ ಜಾಲದ ಒಳಗೇ ಹೋಗಬೇಕು, ಒಪ್ಪಂದ ತಡೆಯಬೇಕಾದದ್ದೂ ಅದನ್ನೇ.